ಸಿಟಿಸಿ ಒಂದು, ಕೈಗೆ ಬರುವುದು ಇನ್ನೊಂದು: ಎರಡು ಆಫರ್‌ಗಳ ಸಂಬಳವನ್ನು ತೂಗಿ ನೋಡುವ ಬಗೆ

ಕಳೆದ ವರ್ಷದ ಬೇಸಿಗೆಯಲ್ಲಿ ಅಕ್ಕನ ಮಗ ಎರಡು ಆಫರ್ ಲೆಟರ್‌ಗಳನ್ನು ಹಿಡಿದುಕೊಂಡು ಕೊಪ್ಪಳದಿಂದ ಬಳ್ಳಾರಿಯ ನಮ್ಮ ಮನೆಗೆ ಬಂದಿದ್ದ. ಒಂದು ಬೆಂಗಳೂರಿನ ಕಂಪನಿಯದು, ವರ್ಷಕ್ಕೆ 7,20,000 ರೂಪಾಯಿ. ಇನ್ನೊಂದು ಅವರ ಊರಿನ ಹತ್ತಿರವೇ ಗಿಣಿಗೇರಾ ಕಡೆಯ ಕಾರ್ಖಾನೆಯದು, 6,36,000 ರೂಪಾಯಿ. "ಮಾಮ, ಎಂಬತ್ನಾಕು ಸಾವಿರ ಫರಕ್ ಐತಿ, ಇದರಾಗ ವಿಚಾರ ಮಾಡೋದು ಏನೈತಿ?" ಎಂದ. ಇಪ್ಪತ್ತು ವರ್ಷದಿಂದ ಬೇರೆಯವರ ಸಂಬಳದ ಲೆಕ್ಕ ಬರೆಯುತ್ತಲೇ ಬಂದಿರುವ ನನಗೆ ಆ ಪ್ರಶ್ನೆಗೆ ಕೂಡಲೇ ಉತ್ತರ ಕೊಡಲು ಮನಸ್ಸಾಗಲಿಲ್ಲ. ಎರಡೂ ಪತ್ರಗಳ ಕೊನೆಯ ಪುಟವನ್ನು ತೆಗೆಯಲು ಹೇಳಿದೆ. ಸಂಬಳದ ನಿಜವಾದ ವಿವರ ಇರುವುದು ಅಲ್ಲಿ, ಸಣ್ಣ ಅಕ್ಷರದ ಪಟ್ಟಿಯಲ್ಲಿ.

ಅಂದು ಅವನಿಗೆ ಹಾಕಿಕೊಟ್ಟ ಲೆಕ್ಕವನ್ನೇ, ಬೇರೆ ಬೇರೆ ಸಂಬಳದವರಿಗೂ ಅನ್ವಯಿಸುವಂತೆ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ. ತೆರಿಗೆಯ ಅಂಕಿಗಳೆಲ್ಲ 2025-26ರ ಆರ್ಥಿಕ ವರ್ಷಕ್ಕೆ ಸೇರಿದವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವರ್ಷಕ್ಕೆ ಹನ್ನೆರಡು ಮುಕ್ಕಾಲು ಲಕ್ಷದವರೆಗೆ ಸಂಬಳ ಇರುವವರು ಎರಡು ಆಫರ್‌ಗಳನ್ನು ಹೋಲಿಸುವಾಗ ಆದಾಯ ತೆರಿಗೆಯ ಬಗ್ಗೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ; ಅವರ ಕೈಗೆ ಬರುವ ಹಣವನ್ನು ಹೆಚ್ಚುಕಡಿಮೆ ಮಾಡುವುದು ಸಿಟಿಸಿಯನ್ನು ಕಂಪನಿ ಹೇಗೆ ಹೋಳು ಮಾಡಿದೆ ಎಂಬುದು.

ಎರಡು ಪತ್ರಗಳು, ಒಂದು ಲೆಕ್ಕ

ಸಿಟಿಸಿ ಎಂದರೆ ನಮ್ಮ ಮೇಲೆ ಕಂಪನಿ ಒಂದು ವರ್ಷದಲ್ಲಿ ಮಾಡುವ ಒಟ್ಟು ಖರ್ಚು. ನಮಗೆ ಎಂದೂ ನೇರವಾಗಿ ಸಿಗದ ಹಣವೂ ಅದರೊಳಗೆ ಕುಳಿತಿರುತ್ತದೆ. ಅದನ್ನೆಲ್ಲ ತೆಗೆದ ಮೇಲೆ ಉಳಿಯುವುದು ಗ್ರಾಸ್, ಅಂದರೆ ಪೇ ಸ್ಲಿಪ್ಪಿನ ಎಡಗಡೆಯ ಮೊತ್ತ. ಬಲಗಡೆಯ ಕಡಿತಗಳನ್ನು ಅದರಲ್ಲಿ ಕಳೆದರೆ ಬ್ಯಾಂಕಿನ ಎಸ್ಎಂಎಸ್‌ನಲ್ಲಿ ಕಾಣುವ ಅಂಕಿ ಸಿಗುತ್ತದೆ.

ಬೆಂಗಳೂರಿನ ಪತ್ರದಲ್ಲಿ ಬೇಸಿಕ್, ಅಂದರೆ ಮೂಲ ವೇತನ, ತಿಂಗಳಿಗೆ 30,000 ರೂಪಾಯಿ ಇತ್ತು. ಪೂರ್ತಿ ಬೇಸಿಕ್ ಮೇಲೆ ಶೇ. 12ರಂತೆ ಕಂಪನಿಯ ಪಾಲಿನ ಪಿಎಫ್ (ಭವಿಷ್ಯ ನಿಧಿ) ವರ್ಷಕ್ಕೆ 43,200, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯ ಬಾಬ್ತು 17,316, ಗುಂಪು ವಿಮೆಯ ಕಂತು 11,484, ಖಾತ್ರಿಯಿಲ್ಲದ ವೇರಿಯಬಲ್ ಪೇ 60,000. ಒಟ್ಟು 1,32,000 ರೂಪಾಯಿ ಸಿಟಿಸಿಯ ಒಳಗೇ ಅಡಗಿತ್ತು. ಅದನ್ನು ಕಳೆದರೆ ಗ್ರಾಸ್ 5,88,000, ತಿಂಗಳಿಗೆ 49,000. ಅದರಲ್ಲಿ ಅವನ ಪಾಲಿನ ಪಿಎಫ್ 3,600 ಮತ್ತು ವೃತ್ತಿ ತೆರಿಗೆ 200 ಹೋದರೆ ಕೈಗೆ 45,200.

ಗಿಣಿಗೇರಾ ಕಡೆಯ ಪತ್ರದಲ್ಲಿ ಬೇಸಿಕ್ 26,500. ಆದರೆ ಆ ಕಾರ್ಖಾನೆಯವರು ಪಿಎಫ್ ಕಟ್ಟುವುದು 15,000 ರೂಪಾಯಿಯ ಶಾಸನಬದ್ಧ ಮಿತಿಯ ಮೇಲೆ ಮಾತ್ರ, ಅಂದರೆ ಎರಡೂ ಕಡೆಯಿಂದ ತಿಂಗಳಿಗೆ ತಲಾ 1,800. ಈ ಮಿತಿ 2014ರ ಸೆಪ್ಟೆಂಬರಿನಿಂದ ಇರುವಂಥದು. ಕಂಪನಿಯ ಪಿಎಫ್ 21,600, ಗ್ರಾಚ್ಯುಟಿ 15,296. ವೇರಿಯಬಲ್ ಎಂಬ ಮಾತೇ ಇಲ್ಲ. ಗ್ರಾಸ್ ತಿಂಗಳಿಗೆ 49,925. ಅದರಲ್ಲಿ 1,800 ಮತ್ತು 200 ಹೋಗಿ ಕೈಗೆ 47,925. ವರ್ಷಕ್ಕೆ 84,000 ರೂಪಾಯಿ ಕಡಿಮೆ ಎನಿಸಿದ್ದ ಕೆಲಸ ಪ್ರತಿ ತಿಂಗಳೂ 2,725 ರೂಪಾಯಿ ಹೆಚ್ಚು ಕೊಡುತ್ತಿತ್ತು. ಹುಡುಗ ಎರಡು ಸಲ ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿದ.

ಇಷ್ಟಕ್ಕೇ ತೀರ್ಮಾನಕ್ಕೆ ಬರುವುದೂ ಸರಿಯಲ್ಲ. ಪಿಎಫ್‌ಗೆ ಹೋದ ಹಣ ಕಳೆದುಹೋದ ಹಣವಲ್ಲ. ಪಿಂಚಣಿ ಯೋಜನೆಯ ಸದಸ್ಯರಾದವರಿಗೆ ಕಂಪನಿಯ ಪಾಲಿನಲ್ಲಿ 1,250 ರೂಪಾಯಿ ಆ ಯೋಜನೆಗೆ ಹೋಗುತ್ತದೆ, ಉಳಿದದ್ದು ನಮ್ಮ ಖಾತೆಗೆ ಸೇರುತ್ತದೆ. ಹಾಗಾಗಿ ಬೆಂಗಳೂರಿನ ಕೆಲಸದಲ್ಲಿ ಅವನ ಪಿಎಫ್ ಖಾತೆಗೆ ತಿಂಗಳಿಗೆ 5,950 ಜಮೆಯಾಗುತ್ತಿದ್ದರೆ ಇಲ್ಲಿ 2,350 ಮಾತ್ರ. ವರ್ಷಕ್ಕೆ 43,200 ರೂಪಾಯಿ ವ್ಯತ್ಯಾಸ. 2024-25ಕ್ಕೆ ಪಿಎಫ್ ಬಡ್ಡಿ ಶೇ. 8.25 ಇತ್ತು, ಬ್ಯಾಂಕಿನ ಠೇವಣಿಗಿಂತ ಒಳ್ಳೆಯದೇ. ಕೈಗೆ ಬರುವ ಹಣ ಮತ್ತು ಪಿಎಫ್ ಎರಡನ್ನೂ ಕೂಡಿಸಿದರೆ ಬೆಂಗಳೂರು ವರ್ಷಕ್ಕೆ 10,500 ಮುಂದಿದೆ. ವೇರಿಯಬಲ್ ಪೂರ್ತಿ ಬಂದರೆ 70,500 ಮುಂದಿದೆ. ಆದರೆ ವೇರಿಯಬಲ್ ಎನ್ನುವುದು ವರ್ಷದ ಕೊನೆಗೆ ಮ್ಯಾನೇಜರ್ ಕೊಡುವ ರೇಟಿಂಗ್ ಮತ್ತು ಕಂಪನಿಯ ಲಾಭದ ಮೇಲೆ ನಿಂತಿರುವ ಹಣ. ಹೋಲಿಸುವಾಗ ನಾನು ಅದನ್ನು ಅರ್ಧಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಹೊಸ ಕಂಪನಿಯಾದರೆ ಹಿಡಿಯುವುದೇ ಇಲ್ಲ.

ಗ್ರಾಚ್ಯುಟಿಯ ಕಥೆಯೂ ಹಾಗೆಯೇ. ಬೇಸಿಕ್‌ನ ಶೇ. 4.81 ಎಂದು ಸಿಟಿಸಿಯಲ್ಲಿ ತೋರಿಸುವ ಈ ಹಣ ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆಯ ನಂತರವೇ ಸಿಗುವುದು. ಮೂವತ್ತು ಸಾವಿರ ಬೇಸಿಕ್‌ನಲ್ಲಿ ಐದು ವರ್ಷ ದುಡಿದರೆ, ತಿಂಗಳಿಗೆ 26 ದಿನ ಎಂದು ಹಿಡಿದು ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಅದು ಸುಮಾರು 86,538 ರೂಪಾಯಿ. ಎರಡು ವರ್ಷಕ್ಕೆ ಕೆಲಸ ಬದಲಿಸುವ ಅಂದಾಜಿನಲ್ಲಿ ಇರುವವರು ಅದನ್ನು ಸೊನ್ನೆ ಎಂದೇ ಬರೆದುಕೊಳ್ಳಬೇಕು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ವೇತನವೆಂದೇ ಎಣಿಸಬೇಕು. ಬೇಸಿಕ್ ಅನ್ನು ತೀರಾ ಕೆಳಗಿಟ್ಟಿರುವ ಕಡೆ ಇದರಿಂದ ಗ್ರಾಚ್ಯುಟಿ ಹೆಚ್ಚುತ್ತದೆ. ಪಿಎಫ್ ಅನ್ನು 15,000ದ ಮಿತಿಯಲ್ಲೇ ಕಟ್ಟುತ್ತಿರುವವರ ಪಿಎಫ್ ಕಡಿತ ಮಾತ್ರ ಇದ್ದಷ್ಟೇ ಇರುತ್ತದೆ.

ಕೊನೆಗೆ ನಿರ್ಧಾರ ಮಾಡಿದ್ದು ಬಾಡಿಗೆ. ಬೆಂಗಳೂರಿನಲ್ಲಿ ಅವನು ವಿಚಾರಿಸಿದ್ದ ಪಿಜಿ ತಿಂಗಳಿಗೆ 9,000, ವರ್ಷಕ್ಕೆ 1,08,000. ಕೊಪ್ಪಳದಲ್ಲಿ ಅಕ್ಕನ ಮನೆಯಿಂದಲೇ ಓಡಾಡಬಹುದು, ಊಟ ಮನೆಯಲ್ಲೇ. ವೇರಿಯಬಲ್ ಪೂರ್ತಿ ಬಂದರೂ ಬೆಂಗಳೂರಿನ ಮುನ್ನಡೆ ಪಿಜಿಗೇ ಸಾಲದು. ಇದೇ ಎರಡು ಪತ್ರಗಳ ನಡುವೆ ರಾಯಚೂರಿನ ಹುಡುಗನೊಬ್ಬ ಆಯ್ಕೆ ಮಾಡಬೇಕಾಗಿದ್ದರೆ, ಅವನು ಎರಡೂ ಕಡೆ ಬಾಡಿಗೆ ಕೊಡಬೇಕಾದವನಾದ್ದರಿಂದ, ನಾನು ಬೆಂಗಳೂರಿನ ಕಡೆಗೇ ವಾಲುತ್ತಿದ್ದೆ.

ತೆರಿಗೆ ಎಲ್ಲಿಂದ ಲೆಕ್ಕಕ್ಕೆ ಬರುತ್ತದೆ

ಮೇಲಿನ ಲೆಕ್ಕದಲ್ಲಿ ಆದಾಯ ತೆರಿಗೆ ಎಲ್ಲೂ ಬರದೇ ಇದ್ದುದನ್ನು ಗಮನಿಸಿರಬಹುದು. ಆದಾಯ ತೆರಿಗೆಯನ್ನು ಹಳೆಯದು, ಹೊಸದು ಎಂಬ ಎರಡು ಪದ್ಧತಿಗಳಲ್ಲಿ ಒಂದನ್ನು ಆರಿಸಿ ಕಟ್ಟಬಹುದು. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಅಲ್ಲಿಂದ 8 ಲಕ್ಷದವರೆಗೆ ಶೇ. 5, 12 ಲಕ್ಷದವರೆಗೆ ಶೇ. 10, 16ರವರೆಗೆ ಶೇ. 15, 20ರವರೆಗೆ ಶೇ. 20, 24ರವರೆಗೆ ಶೇ. 25, ಅದರ ಮೇಲೆ ಶೇ. 30. ಸಂಬಳದಾರರಿಗೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ನೇರವಾಗಿ ಕಳೆಯುವ ಮೊತ್ತ, ಉಂಟು. ತೆರಿಗೆಗೆ ಒಳಪಡುವ ಆದಾಯ 12 ಲಕ್ಷ ಮೀರದಿದ್ದರೆ 60,000 ರೂಪಾಯಿವರೆಗಿನ ರಿಬೇಟ್ ಇಡೀ ತೆರಿಗೆಯನ್ನು ಅಳಿಸಿಹಾಕುತ್ತದೆ. ಬೇರೆ ಆದಾಯ ಇಲ್ಲದ ಸಂಬಳದಾರನಿಗೆ 12,75,000ದವರೆಗೆ ತೆರಿಗೆ ಸೊನ್ನೆ ಎಂಬ ಮಾತು ಹುಟ್ಟಿದ್ದು ಹೀಗೆ.

ಆ ಗೆರೆಯ ಆಚೆ ಒಂದು ಕೆಸರಿನ ಪಟ್ಟಿ ಇದೆ. ಗ್ರಾಸ್ 12,75,000ದಿಂದ 13,00,000ಕ್ಕೆ ಏರಿತು ಎಂದುಕೊಳ್ಳಿ. ಸ್ಲ್ಯಾಬ್, ಅಂದರೆ ಮೇಲಿನ ದರದ ಹಂತಗಳ ಪ್ರಕಾರ ತೆರಿಗೆ 63,750 ಆಗಬೇಕು, ಆದರೆ ಮಾರ್ಜಿನಲ್ ರಿಲೀಫ್ ಎಂಬ ನಿಯಮದಿಂದ ಅದು 12 ಲಕ್ಷ ಮೀರಿದ ಮೊತ್ತಕ್ಕೆ, ಅಂದರೆ 25,000ಕ್ಕೆ, ನಿಲ್ಲುತ್ತದೆ. ಅದರ ಮೇಲೆ ಶೇ. 4 ಸೆಸ್ 1,000 ಸೇರಿ 26,000. ಇಪ್ಪತ್ತೈದು ಸಾವಿರ ಸಂಬಳ ಹೆಚ್ಚಿಸಿಕೊಂಡವನ ಕೈಗೆ ವರ್ಷಕ್ಕೆ ಒಂದು ಸಾವಿರ ಕಡಿಮೆಯೇ ಬರುತ್ತದೆ. ಹೆಚ್ಚಿದ ಸಂಬಳವೆಲ್ಲ ತೆರಿಗೆಗೇ ಹೋಗುವ ಈ ಸ್ಥಿತಿ ಸುಮಾರು 13,45,588 ರೂಪಾಯಿಯ ಗ್ರಾಸ್‌ವರೆಗೆ ಮುಂದುವರಿಯುತ್ತದೆ. ತೋರಣಗಲ್ಲು, ಸಂಡೂರು, ಶಕ್ತಿನಗರದ ಕಡೆ ಹತ್ತು ಹದಿನೈದು ವರ್ಷ ಅನುಭವ ಇರುವ ಎಂಜಿನಿಯರುಗಳು ಸಂಬಳ ಹೆಚ್ಚಿಗೆಯ ಮಾತಾಡುವಾಗ ಈ ಪಟ್ಟಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, 12.75 ಲಕ್ಷದ ಒಂದು ಕೆಲಸ ಮತ್ತು 13.40 ಲಕ್ಷದ ಇನ್ನೊಂದು ಕೆಲಸದ ನಡುವೆ ಹಣದ ಕಾರಣಕ್ಕೆ ಆರಿಸುವಂಥದ್ದು ಏನೂ ಇಲ್ಲ.

ಈ ಕೆಸರನ್ನು ದಾಟಲು ಇರುವ ಒಳ್ಳೆಯ ದಾರಿ ಕಂಪನಿಯ ಮೂಲಕ ಕಟ್ಟುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. ಹೊಸ ಪದ್ಧತಿಯಲ್ಲಿ ಬೇಸಿಕ್ ಮತ್ತು ತುಟ್ಟಿಭತ್ಯೆಯ ಶೇ. 14ರವರೆಗೆ ಕಂಪನಿ ಕಟ್ಟಿದ್ದಕ್ಕೆ ವಿನಾಯಿತಿ ಇದೆ. ಗ್ರಾಸ್ 13,45,000, ಬೇಸಿಕ್ 6,50,000 ಇರುವವರಿಗೆ ಸುಮ್ಮನಿದ್ದರೆ ಸೆಸ್ ಸೇರಿ 72,800 ತೆರಿಗೆ. ಅದೇ ಸಂಬಳದೊಳಗಿನ 91,000 ರೂಪಾಯಿಯನ್ನು ಕಂಪನಿಯ ಪಾಲಿನ ಎನ್‌ಪಿಎಸ್ ಆಗಿ ಮಾಡಿಸಿಕೊಂಡರೆ ತೆರಿಗೆಗೆ ಒಳಪಡುವ ಆದಾಯ 11,79,000ಕ್ಕೆ ಇಳಿದು ತೆರಿಗೆ ಸೊನ್ನೆಯಾಗುತ್ತದೆ. ಕೈಗೆ ಬರುವ ಹಣ ವರ್ಷಕ್ಕೆ 18,200 ಕಡಿಮೆಯಾದರೂ ಹೆಸರಿನಲ್ಲಿ 91,000 ಸೇರುತ್ತದೆ. ನಿವೃತ್ತಿಯ ವಯಸ್ಸಿನವರೆಗೆ ಆ ಹಣ ಬಹುಮಟ್ಟಿಗೆ ಕಟ್ಟಿಹಾಕಿದ ಹಣವೇ. ಮಗಳ ಮದುವೆಗೋ ಮನೆಯ ಸ್ಲ್ಯಾಬಿಗೋ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆಫರ್ ಹೋಲಿಸುವಾಗ ಕೇಳಬೇಕಾದ ಪ್ರಶ್ನೆ ಇದು: ಈ ಕಂಪನಿಯಲ್ಲಿ ಎನ್‌ಪಿಎಸ್ ಸೌಲಭ್ಯ ಇದೆಯೇ? ನೌಕರ ತಾನಾಗಿ ಕಟ್ಟಿದರೆ ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಸಿಗುವುದಿಲ್ಲ.

ಹಳೆಯ ಪದ್ಧತಿಗೆ ಇನ್ನೂ ಬೆಲೆ ಇದೆಯೇ

ಎಲ್ಐಸಿ, ಪಿಪಿಎಫ್, ಗೃಹಸಾಲದ ಕಾಗದಗಳನ್ನು ಜನವರಿಯಲ್ಲಿ ಜೆರಾಕ್ಸ್ ಮಾಡಿಸಿ ಕೊಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಬಲವಾಗಿದೆ ಎಂದರೆ, ಹಳೆಯ ಪದ್ಧತಿಯನ್ನು ಬಿಡಲು ಹಲವರಿಗೆ ಮನಸ್ಸೇ ಬರುವುದಿಲ್ಲ. ಅಂಥವರಿಗಾಗಿ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ.

ಬಳ್ಳಾರಿಯಲ್ಲಿ ತಿಂಗಳಿಗೆ 12,000 ಬಾಡಿಗೆ ಕೊಟ್ಟು ಇರುವ ಒಬ್ಬರು. ಗಂಗಾವತಿಯಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆಯಲ್ಲಿ ಅವರ ಅಪ್ಪ, ಅಮ್ಮ ಇದ್ದಾರೆ. ಗ್ರಾಸ್ 15 ಲಕ್ಷ, ಬೇಸಿಕ್ ತಿಂಗಳಿಗೆ 60,000. ಹೊಸ ಪದ್ಧತಿಯಲ್ಲಿ ಆದಾಯ 14,25,000, ತೆರಿಗೆ 93,750, ಸೆಸ್ ಸೇರಿ 97,500, ಅಂದರೆ ತಿಂಗಳಿಗೆ 8,125.

ಹಳೆಯ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಮಾತ್ರ. ವೃತ್ತಿ ತೆರಿಗೆ 2,500, ಎಲ್ಐಸಿ, ಪಿಪಿಎಫ್ ಮುಂತಾದ ಉಳಿತಾಯಕ್ಕೆ 80ಸಿ ಅಡಿ 1,50,000, ಆರೋಗ್ಯ ವಿಮೆಗೆ 25,000, ಗೃಹಸಾಲದ ಬಡ್ಡಿಗೆ 2,00,000 ಕಳೆಯಬಹುದು. ಬಾಡಿಗೆ ಭತ್ಯೆಯ ವಿನಾಯಿತಿಗೆ ಮೂರು ಅಂಕಿಗಳಲ್ಲಿ ಕಡಿಮೆಯದನ್ನು ಹಿಡಿಯಬೇಕು: ಪಡೆದ ಭತ್ಯೆ, ಬೇಸಿಕ್‌ನ ಶೇ. 40, ಮತ್ತು ಕೊಟ್ಟ ಬಾಡಿಗೆಯಲ್ಲಿ ಬೇಸಿಕ್‌ನ ಶೇ. 10 ಕಳೆದು ಉಳಿಯುವ ಮೊತ್ತ. ಇಲ್ಲಿ ಕೊನೆಯದೇ ಕಡಿಮೆ: 1,44,000ದಲ್ಲಿ 72,000 ಕಳೆದು 72,000. (ಬೆಂಗಳೂರಿಗೆ ಶೇ. 50 ಎಂದು ಅನೇಕರು ನಂಬಿದ್ದಾರೆ. 2025-26ರಲ್ಲಿ ಬೆಂಗಳೂರಿಗೂ ಬಳ್ಳಾರಿಗೂ ಒಂದೇ, ಶೇ. 40.) ಇದರ ಮೇಲೆ ಸ್ವಂತ ಎನ್‌ಪಿಎಸ್‌ಗೆ 50,000 ಹಾಕಿದರು ಎಂದೇ ಇಟ್ಟುಕೊಳ್ಳೋಣ. ಆದಾಯ 9,50,500ಕ್ಕೆ ಇಳಿಯುತ್ತದೆ. ಎರಡೂವರೆ ಲಕ್ಷದ ಆಚೆಗೆ ಶೇ. 5, ಐದರ ಆಚೆಗೆ ಶೇ. 20ರ ಲೆಕ್ಕದಲ್ಲಿ ತೆರಿಗೆ 1,02,600, ಸೆಸ್ ಸೇರಿ 1,06,704. ಇದ್ದಬದ್ದ ಕಾಗದವನ್ನೆಲ್ಲ ಒಟ್ಟುಗೂಡಿಸಿ, ಬಾಡಿಗೆ ರಸೀದಿಗೆ ಮನೆ ಮಾಲೀಕರ ಪ್ಯಾನ್ ಕೇಳಿ ಮುಜುಗರಪಟ್ಟ ಮೇಲೂ ಹೊಸ ಪದ್ಧತಿಗಿಂತ 9,204 ರೂಪಾಯಿ ಹೆಚ್ಚು.

15 ಲಕ್ಷದ ಸಂಬಳದಲ್ಲಿ ಎರಡೂ ಸಮನಾಗಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು 5,43,750 ರೂಪಾಯಿಯಷ್ಟು ವಿನಾಯಿತಿಗಳು ಬೇಕು. ದೊಡ್ಡ ಬಾಡಿಗೆ ಮತ್ತು ದೊಡ್ಡ ಗೃಹಸಾಲ ಎರಡೂ ಇರುವವರಿಗೆ ಅದು ಸಾಧ್ಯ. ನಮ್ಮ ಊರುಗಳ ಬಾಡಿಗೆಯಲ್ಲಿ ಅಪರೂಪ. ತೆರಿಗೆ ಉಳಿಸಲೆಂದೇ ಪಾಲಿಸಿ ಮಾಡಿಸುವವರನ್ನು ನಾನು ಈಗ ಸ್ಪಷ್ಟವಾಗಿಯೇ ತಡೆಯುತ್ತೇನೆ. ಏಪ್ರಿಲ್‌ನಲ್ಲಿ ಏನೂ ಹೇಳದಿದ್ದರೆ ಕಂಪನಿ ಹೊಸ ಪದ್ಧತಿಯನ್ನೇ ಹಿಡಿಯುತ್ತದೆ. ಲೆಕ್ಕ ಬೇರೆಯಾಗಿ ಕಂಡರೆ ಸಂಬಳದಾರರು ಕೊನೆಯ ದಿನಾಂಕದೊಳಗೆ ರಿಟರ್ನ್ಸ್ ಸಲ್ಲಿಸುವಾಗ ಬದಲಿಸಿಕೊಳ್ಳಬಹುದು.

ಗದ್ದೆ ಇರುವ ಸಂಬಳದಾರರು

ತುಂಗಭದ್ರಾ ಕಾಲುವೆಯ ಕೆಳಗಿನ ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪ ಕಡೆಯವರಿಗೆ ಒಂದು ಎಚ್ಚರಿಕೆಯನ್ನು ಬೇರೆಯಾಗಿಯೇ ಹೇಳಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬುದು ನಿಜ, ಆದರೆ ಅದು ಸಂಬಳದ ತೆರಿಗೆಯ ದರವನ್ನು ಮೇಲೆ ತಳ್ಳುತ್ತದೆ. ಡಿಡಕ್ಷನ್ ಕಳೆದು ಸಂಬಳದ ಆದಾಯ 11 ಲಕ್ಷ, ಖರ್ಚು ಕಳೆದು ಭತ್ತದ ಆದಾಯ 5 ಲಕ್ಷ ಇರುವವರನ್ನು ತೆಗೆದುಕೊಳ್ಳಿ. ಮೊದಲು ಎರಡನ್ನೂ ಕೂಡಿಸಿ 16 ಲಕ್ಷಕ್ಕೆ ತೆರಿಗೆ ಹಾಕಬೇಕು, 1,20,000. ಆಮೇಲೆ ಕೃಷಿ ಆದಾಯಕ್ಕೆ 4 ಲಕ್ಷದ ಮೂಲ ಮಿತಿ ಸೇರಿಸಿ 9 ಲಕ್ಷಕ್ಕೆ ತೆರಿಗೆ ಹಾಕಬೇಕು, 30,000. ಇವೆರಡರ ವ್ಯತ್ಯಾಸ 90,000. ಅದರಲ್ಲಿ ರಿಬೇಟ್ 60,000 ಕಳೆದರೆ 30,000 ಉಳಿಯುತ್ತದೆ, ಸೆಸ್ ಸೇರಿ 31,200. ಕಂಪನಿಗೆ ಗದ್ದೆಯ ವಿಷಯ ಗೊತ್ತಿರುವುದಿಲ್ಲವಾದ್ದರಿಂದ ವರ್ಷವಿಡೀ ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ) ಸೊನ್ನೆ ಬರುತ್ತದೆ, ರಿಟರ್ನ್ಸ್ ತುಂಬುವ ಹೊತ್ತಿಗೆ ಈ ಮೊತ್ತ ಬಡ್ಡಿಯೊಂದಿಗೆ ಎದುರಿಗೆ ಬಂದು ನಿಲ್ಲುತ್ತದೆ. ಪಹಣಿ ಅಪ್ಪನ ಹೆಸರಿನಲ್ಲಿದ್ದು ಅವರೇ ಬೇಸಾಯ ಮಾಡಿಸುತ್ತಿದ್ದರೆ ಆ ಆದಾಯ ಅವರದು. ಮಗನ ಸಂಬಳಕ್ಕೆ ಅದನ್ನು ಸೇರಿಸುವ ಅಗತ್ಯವಿಲ್ಲ.

ಇಪ್ಪತ್ತೊಂದು ಸಾವಿರದ ಗೆರೆ

ಲಕ್ಷಗಳ ಮಾತು ಸಾಕು. ಬಳ್ಳಾರಿ, ಕೊಪ್ಪಳ, ರಾಯಚೂರು ಎಂಬ ನಮ್ಮ ಮೂರು ಜಿಲ್ಲೆಗಳ ಗಣಿ, ಸ್ಪಾಂಜ್ ಐರನ್ ಘಟಕ, ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್, ಜೀನ್ಸ್ ಹೊಲಿಗೆಯ ಕಾರ್ಖಾನೆಗಳಲ್ಲಿ ಗುತ್ತಿಗೆದಾರರ ಕೈಕೆಳಗೆ ದುಡಿಯುವವರಿಗೆ ದೊಡ್ಡ ಪ್ರಶ್ನೆ ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆಯದು. ತಿಂಗಳ ವೇತನ 21,000ದವರೆಗೆ ಇದ್ದರೆ ನೌಕರನಿಂದ ಶೇ. 0.75, ಮಾಲೀಕನಿಂದ ಶೇ. 3.25 ಹೋಗುತ್ತದೆ.

ಒಬ್ಬ ಗುತ್ತಿಗೆದಾರ 20,900 ಕೊಡುತ್ತಾನೆ, ಇನ್ನೊಬ್ಬ 21,300. ಇಬ್ಬರೂ 15,000ದ ಮೇಲೆ ಪಿಎಫ್ ಕಟ್ಟುತ್ತಾರೆ. ಮೊದಲನೆಯ ಕಡೆ ಇಎಸ್ಐ 157, ಪಿಎಫ್ 1,800 ಹೋಗಿ ಕೈಗೆ 18,943. ಎರಡನೆಯ ಕಡೆ ಪಿಎಫ್ ಮಾತ್ರ ಹೋಗಿ 19,500. ಸಂಬಳ 25,000 ಮುಟ್ಟದ ಕಾರಣ ಇಬ್ಬರಲ್ಲೂ ವೃತ್ತಿ ತೆರಿಗೆ ಇಲ್ಲ. ತಿಂಗಳಿಗೆ 557 ರೂಪಾಯಿ ಹೆಚ್ಚು ಎಂದು ಎರಡನೆಯವನ ಕಡೆ ಓಡುವವರೇ ಹೆಚ್ಚು. ನನ್ನ ಮಟ್ಟಿಗೆ ಇದು ಕೆಟ್ಟ ವ್ಯಾಪಾರ. ಮೊದಲನೆಯ ಕೆಲಸದಲ್ಲಿ ಹೆಂಡತಿ ಮಕ್ಕಳಿಗೂ ಅವಲಂಬಿತ ತಂದೆ ತಾಯಿಗೂ ಚಿಕಿತ್ಸೆ ಸಿಗುತ್ತದೆ. ಕಂತುಗಳು ಸರಿಯಾಗಿ ಜಮೆಯಾಗಿದ್ದರೆ ಕಾಯಿಲೆ ಬಿದ್ದ ದಿನಗಳಿಗೆ ವರ್ಷದಲ್ಲಿ 91 ದಿನದವರೆಗೆ ಶೇ. 70ರಷ್ಟು ವೇತನ ಬರುತ್ತದೆ. ಹೆರಿಗೆಗೆ 26 ವಾರಗಳ ಭತ್ಯೆ ಉಂಟು. ಕುಲುಮೆಯ ಮುಂದೆ ನಿಂತು ದುಡಿಯುವವನು 557 ರೂಪಾಯಿಗೆ ಇಷ್ಟನ್ನು ಹೊರಗೆ ಎಲ್ಲೂ ಕೊಳ್ಳಲಾರ. ಓಟಿ, ಅಂದರೆ ಹೆಚ್ಚುವರಿ ಹೊತ್ತಿನ ದುಡಿಮೆಯ ಹಣ ಸೇರಿ ಒಂದು ತಿಂಗಳು 21,000 ದಾಟಿದರೆ ಇಎಸ್ಐ ಹೋಯಿತು ಎಂದು ಸೈಟ್ ಆಫೀಸಿನಲ್ಲಿ ಹೇಳುವುದುಂಟು. ಅದು ತಪ್ಪು, ಮಿತಿಯನ್ನು ನೋಡುವಾಗ ಓಟಿಯನ್ನು ಎಣಿಸುವುದಿಲ್ಲ. ಸಂಬಳವೇ ನಡುವೆ ಏರಿದರೂ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂಬ ಆಯಾ ಕಂತಿನ ಅವಧಿ ಮುಗಿಯುವವರೆಗೆ ಇಎಸ್ಐ ಮುಂದುವರಿಯುತ್ತದೆ.

ರಾಜ್ಯ ಸರ್ಕಾರಿ ಕೆಲಸ ಮತ್ತು ಖಾಸಗಿ ಕೆಲಸದ ನಡುವೆ ಹೋಲಿಸುವವರಿಗೆ ಒಂದೇ ಮಾತು: 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಎರಡರ ಶೇ. 10 ಎನ್‌ಪಿಎಸ್‌ಗೆ ಕಟಾವಣೆಯಾಗುತ್ತದೆ, ಸರ್ಕಾರಿ ನೌಕರರ ಜೀವವಿಮೆಯಾದ ಕೆಜಿಐಡಿ ಕಂತು ಬೇರೆ. ನೇಮಕಾತಿ ಆದೇಶದಲ್ಲಿ ಕಾಣುವ ಮೂಲ ವೇತನವನ್ನು ಕಂಪನಿಯ ಗ್ರಾಸ್ ಜೊತೆ ಇಟ್ಟು ನೋಡಬೇಡಿ. ಅತ್ತ ಭತ್ಯೆ ಸೇರಿಸಿ, ಕಟಾವಣೆ ಕಳೆದು ಆಮೇಲೆ ನೋಡಿ.

ವರ್ಷದ ನಡುವೆ ಕೆಲಸ ಬದಲಿಸುವವರು ಹಳೆಯ ಕಂಪನಿಯ ಸಂಬಳದ ವಿವರವನ್ನು ಹೊಸ ಕಂಪನಿಗೆ ಬರವಣಿಗೆಯಲ್ಲಿ ಕೊಡಬೇಕು. ಹಿಂದೊಮ್ಮೆ ನಾನೇ ಅದನ್ನು ಮರೆತಿದ್ದೆ. ಎರಡೂ ಕಡೆಯವರು ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನೂ ಕೆಳಗಿನ ಸ್ಲ್ಯಾಬುಗಳನ್ನೂ ತಮ್ಮ ತಮ್ಮ ಲೆಕ್ಕದಲ್ಲಿ ಒಂದೊಂದು ಸಲ ಕೊಟ್ಟಿದ್ದರು. ಆರು ತಿಂಗಳು ಕೈಗೆ ಹೆಚ್ಚು ಹಣ ಬರುತ್ತಿದೆ ಎಂದು ಹಿಗ್ಗಿದ್ದೆ. ಜುಲೈನಲ್ಲಿ ಅಷ್ಟನ್ನೂ ಚಲನ್ ಕಟ್ಟಿ ಒಪ್ಪಿಸಿದೆ.

ಅಕ್ಕನ ಮಗ ಗಿಣಿಗೇರಾ ಕಡೆಯ ಕೆಲಸಕ್ಕೇ ಸೇರಿದ. ಮೊದಲ ಸಂಬಳದ ದಿನ ಫೋನ್ ಮಾಡಿ, ನೀವು ಹೇಳಿದ್ದು 47,925, ಬಂದದ್ದು 47,325 ಎಂದ. ಪೇ ಸ್ಲಿಪ್ಪಿನ ಫೋಟೋ ತರಿಸಿ ನೋಡಿದರೆ ಕಾರ್ಖಾನೆಯ ಬಸ್ಸಿಗೆ 600 ಹಿಡಿದಿದ್ದರು. ಆಫರ್ ಲೆಟರಿನಲ್ಲಿ ಅದು ಇರಲಿಲ್ಲ, ಬಸ್ಸು ಮತ್ತು ಕ್ಯಾಂಟೀನಿನ ಕಡಿತ ಎಷ್ಟು ಎಂದು ಕೇಳಿಸಲು ನನಗೂ ಹೊಳೆದಿರಲಿಲ್ಲ. ಫೆಬ್ರವರಿಯಲ್ಲಿ ಮತ್ತೆ ಫೋನ್ ಬಂತು, ಈ ಸಲ ನೂರು ರೂಪಾಯಿ ಕಡಿಮೆ. ಅದಕ್ಕೆ ಉತ್ತರ ನನ್ನ ಬಳಿ ಇತ್ತು: 2025ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ವೃತ್ತಿ ತೆರಿಗೆ ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ 300.